ಕಡಿಮೆ ಖರ್ಚಿನಲ್ಲಿ ಒಳ್ಳೆ ಅಗ್ರಿ ಕಾಲೇಜು: ನಾನು ಹುಡುಕಿದ ದಾರಿ

ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ನನಗೆ ಊರಿನ ಕಡೆಯಿಂದ ಫೋನ್ ಶುರುವಾಗುತ್ತದೆ. ನನ್ನ ಮಗಳನ್ನ ಬಿಎಸ್ಸಿ ಅಗ್ರಿಗೆ ಸೇರಿಸಬೇಕು ಕಣಮ್ಮ, ಯಾವ ಕಾಲೇಜು ಒಳ್ಳೇದು, ದುಡ್ಡು ಎಷ್ಟಾಗುತ್ತೆ ಅಂತ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳುವ ವಿಷಯ ಇದಲ್ಲ, ಹಾಗಾಗಿ ನಾನು ಹೇಗೆ ಹುಡುಕಿದೆ, ಏನು ನೋಡಿದೆ, ಯಾಕೆ ಈ ಕಾಲೇಜಿಗೆ ಬಂದೆ ಅನ್ನುವುದನ್ನು ಪೂರ್ತಿ ಬರೆದುಬಿಡುತ್ತಿದ್ದೇನೆ. ನಾನೀಗ ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಒಣ ಭೂಮಿ ಕಡೆಯ ಹಳ್ಳಿ. ರಾಗಿ, ಕಡಲೆಕಾಯಿ, ಅಕ್ಕಡಿ ಸಾಲಲ್ಲಿ ತೊಗರಿ, ಅವರೆ. ಬೋರ್‌ವೆಲ್ ಇದೆ, ನೀರು ಇದ್ದಷ್ಟು ದಿನ ಇರುತ್ತದೆ. ಮನೆಯಲ್ಲಿ ನನ್ನನ್ನು ಓದಿಸಬಾರದು ಅಂತ ಯಾರೂ ಅನ್ನಲಿಲ್ಲ, ಆದರೆ ಜಮೀನು ಅಡ ಇಟ್ಟು ಓದಿಸುವ ಮಾತು ಬೇಡ ಅಂತ ನಾನೇ ಮೊದಲೇ ಹೇಳಿದ್ದೆ. ಹಾಗಂತ ಕಡಿಮೆ ಫೀ ಅನ್ನುವ ಒಂದೇ ಕಾರಣಕ್ಕೆ ಎಲ್ಲೋ ಒಂದು ಕಡೆ ಸೇರಿಕೊಂಡು ನಾಲ್ಕು ವರ್ಷ ಕಳೆಯುವುದೂ ಬೇಕಿರಲಿಲ್ಲ. ಕೃಷಿ ಪದವಿ ಅಂದರೆ ಮಣ್ಣು ಮುಟ್ಟಿ ಕಲಿಯುವ ಪದವಿ. ಪ್ರೊಜೆಕ್ಟರ್ ಮೇಲೆ ಪೈರು ತೋರಿಸಿ ಮುಗಿಸುವ ಕಾಲೇಜಾದರೆ ಅದು ಎಷ್ಟು ಅಗ್ಗವಾಗಿದ್ದರೂ ದುಬಾರಿಯೇ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ದ್ವಿತೀಯ ಪಿಯುಸಿ ಓದುತ್ತಿದ್ದಾಗ ನವೆಂಬರ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋದೆವು. ಊರಿನವರೆಲ್ಲ ಸೇರಿ ವ್ಯಾನ್ ಮಾಡಿಕೊಂಡು ಪ್ರತಿ ವರ್ಷ ಹೋಗುವುದು ವಾಡಿಕೆ, ಆ ಸಲ ನಾನೂ ಹತ್ತಿದೆ. ಅಪ್ಪ ಮಳಿಗೆಗಳ ಕಡೆ ಜಾಸ್ತಿ ನಿಲ್ಲಲಿಲ್ಲ, ಸೀದಾ ರಾಗಿ ತಾಕುಗಳ ಕಡೆ ನಡೆದರು. ನಮ್ಮ ಮನೆಯಲ್ಲಿ ಬಿತ್ತುವ ಜಿಪಿಯು-28 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಯೇ. ಬೆಂಕಿ ರೋಗ ತಡೆದುಕೊಳ್ಳುತ್ತದೆ ಅಂತಲೇ ನಮ್ಮ ಕಡೆ ಅದನ್ನು ಬಿಡುವುದಿಲ್ಲ. ಅಲ್ಲಿ ತಾಕಿನ ಪಕ್ಕ ನಿಂತು ವಿವರಿಸುತ್ತಿದ್ದವರು ವಿದ್ಯಾರ್ಥಿಗಳು. ಅಪ್ಪ ಕೇಳಿದ ಪ್ರಶ್ನೆಗೆ ಒಬ್ಬ ಅಕ್ಕ ಬಗ್ಗಿ ಒಂದು ತೆನೆ ಹಿಡಿದು, ಕುತ್ತಿಗೆ ಬೆಂಕಿ ರೋಗ ಬಂದರೆ ಇಲ್ಲಿ ಕಪ್ಪಾಗುತ್ತದೆ, ಬೆರಳಿಗೆ ಬಂದರೆ ಇಲ್ಲಿ ಅಂತ ತೋರಿಸಿ ಹೇಳಿದರು. ನಾನು ಆ ಅಕ್ಕನನ್ನು ಬಿಡಲಿಲ್ಲ. ಯಾವ ಊರು, ಹೇಗೆ ಸೀಟು ಸಿಕ್ತು, ಎಷ್ಟು ಫೀ ಅಂತ ಎಲ್ಲ ಕೇಳಿದೆ. ಕೃಷಿಕರ ಕೋಟಾ ಅನ್ನುವುದೊಂದು ಇದೆ, ಅದಕ್ಕೆ ಬೇರೆಯೇ ಪ್ರಾಕ್ಟಿಕಲ್ ಪರೀಕ್ಷೆ ಇದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಅಲ್ಲೇ. ನಮ್ಮ ಪಿಯು ಕಾಲೇಜಿನಲ್ಲಿ ಎಲ್ಲರೂ ನೀಟ್, ಇಂಜಿನಿಯರಿಂಗ್ ಅಂತಲೇ ಇದ್ದರು, ಅಗ್ರಿ ಬಗ್ಗೆ ಹೇಳುವವರು ಯಾರೂ ಇರಲಿಲ್ಲ.

ಅಗ್ರಿ ಸೀಟು ಹಂಚಿಕೆ ಹೇಗೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳಿವೆ, ಶಿವಮೊಗ್ಗದಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಅಂತ ಒಂದು ವಿಶ್ವವಿದ್ಯಾಲಯ ಇದೆ. ಬೆಂಗಳೂರಿನದ್ದು 1964ರಲ್ಲಿ ಶುರುವಾಗಿದ್ದು, ಧಾರವಾಡದ್ದು 1986ರಲ್ಲಿ ಅದರಿಂದ ಬೇರೆಯಾಗಿದ್ದು. ಅಗ್ರಿ ಕಾಲೇಜುಗಳು ಒಂದೇ ಊರಲ್ಲಿ ಇಲ್ಲ. ಮಂಡ್ಯ, ಹಾಸನ, ವಿಜಯಪುರ, ಹಾವೇರಿ ಹತ್ತಿರದ ಹನುಮನಮಟ್ಟಿ, ಯಾದಗಿರಿ ಕಡೆಯ ಭೀಮರಾಯನಗುಡಿ, ಕಲಬುರಗಿ ಹೀಗೆ ಹರಡಿಕೊಂಡಿವೆ. ಇವುಗಳ ಸೀಟು ಸಿಇಟಿ ಮೂಲಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಹಂಚುತ್ತದೆ. ಪಿಯುಸಿ ಅಂಕ, ಸಿಇಟಿ ಅಂಕ ಎರಡೂ ಲೆಕ್ಕಕ್ಕೆ ಬರುತ್ತವೆ. ಇನ್ನೊಂದು ಪಾಲು ಸೀಟು ಐಸಿಎಆರ್, ಅಂದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೂಲಕ ಬೇರೆ ರಾಜ್ಯದವರಿಗೂ ಹೋಗುತ್ತದೆ, ಅದಕ್ಕೆ ಈಗ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ನನ್ನ ರೂಮ್‌ಮೇಟ್ ಕೇರಳದವಳು, ಹಾಗೇ ಬಂದವಳು. ಆ ದಾರಿಯಲ್ಲಿ ಬೇರೆ ರಾಜ್ಯಕ್ಕೆ ಹೋಗಿ ಓದಿದರೆ ನ್ಯಾಷನಲ್ ಟ್ಯಾಲೆಂಟ್ ಸ್ಕಾಲರ್‌ಶಿಪ್ ಸಿಗುತ್ತದೆ. ನಮ್ಮ ಹಳ್ಳಿ ಕಡೆ ಮಕ್ಕಳು ಇದನ್ನು ಬರೆಯುವುದೇ ಕಡಿಮೆ, ಬರೆಯಬೇಕು.

ಕೃಷಿಕರ ಕೋಟಾಗೆ ಮೊದಲು ಶೇ. 40 ಸೀಟು ಇತ್ತು, 2021ರಲ್ಲಿ ಶೇ. 50ಕ್ಕೆ ಏರಿಸಿದರು. ಅಂದರೆ ಅರ್ಧ ಸೀಟು. ಈ ಕೋಟಾದ ರ‍್ಯಾಂಕಿಂಗ್‌ನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಅರ್ಧ ತೂಕ, ಉಳಿದದ್ದು ಪಿಯುಸಿ ಮತ್ತು ಸಿಇಟಿಗೆ ಕಾಲು ಕಾಲು. ಸಿಇಟಿ ಕೋಚಿಂಗ್‌ಗೆ ಹೋಗಲು ಆಗದ, ಆದರೆ ಹೊಲದಲ್ಲೇ ಬೆಳೆದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇರೆ ಇಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತವೆ, ಆ ವರ್ಷದ ಕೆಇಎ ಬ್ರೋಷರ್ ಡೌನ್‌ಲೋಡ್ ಮಾಡಿ ಪೂರ್ತಿ ಓದಿ. ಯಾರೋ ಹೇಳಿದ್ದು, ಯೂಟ್ಯೂಬಲ್ಲಿ ಕೇಳಿದ್ದು ನಂಬಿಕೊಂಡು ಕೂರಬೇಡಿ.

ಸರ್ಟಿಫಿಕೇಟ್ ಕೆಲಸ ಮಾತ್ರ ಬಹಳ ಸುತ್ತಾಡಿಸಿತು. ತಹಶೀಲ್ದಾರ್ ಕೊಡುವ ಕೃಷಿಕ ಕುಟುಂಬದ ಪ್ರಮಾಣ ಪತ್ರ ಬೇಕು, ಆದಾಯದ್ದು ಬೇಕು. ನಮ್ಮ ಪಹಣಿ ಆಗ ಇನ್ನೂ ತಾತನ ಹೆಸರಲ್ಲೇ ಇತ್ತು, ತಾತ ತೀರಿಕೊಂಡು ವರ್ಷಗಳಾಗಿದ್ದವು, ಪೌತಿ ಖಾತೆ ಆಗಿರಲಿಲ್ಲ. ನಮ್ಮ ಕಡೆ ಅರ್ಧ ಊರಿನ ಕಥೆ ಇದೇ, ಅಲ್ವಾ. ಕೊನೆಗೆ ವಂಶವೃಕ್ಷ ಮಾಡಿಸಿ, ದೊಡ್ಡಪ್ಪ ಚಿಕ್ಕಪ್ಪ ಎಲ್ಲರ ಸಹಿ ಹಾಕಿಸಿ ಅರ್ಜಿ ಕೊಟ್ಟೆವು. ಕಚೇರಿಯಲ್ಲಿ ಒಬ್ಬರು ನಾಳೆ ಬನ್ನಿ ಅಂದರು, ನಾಳೆ ಹೋದರೆ ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ ಅಂದರು. ಅಪ್ಪ ಬಿತ್ತನೆ ಕೆಲಸ ಬಿಟ್ಟು ಓಡಾಡಿದರು. ಅದರ ಜೊತೆಗೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣ ಪತ್ರ, ಕನ್ನಡ ಮಾಧ್ಯಮದ ಪ್ರಮಾಣ ಪತ್ರ, ಎರಡಕ್ಕೂ ಬಿಇಒ ಮೇಲುಸಹಿ. ಇವಕ್ಕೂ ಮೀಸಲಾತಿ ಇದೆ, ಬಿಡಬೇಡಿ. ಇದನ್ನೆಲ್ಲ ಸಿಇಟಿ ಮುಗಿದ ಮೇಲೆ ಮಾಡಿಸೋಣ ಅಂದುಕೊಂಡರೆ ಆಗುವುದಿಲ್ಲ, ಮಕ್ಕಳು ಎರಡನೇ ಪಿಯುಸಿಗೆ ಬಂದ ವರ್ಷವೇ ಶುರು ಮಾಡಿ.

ಇಷ್ಟರ ನಡುವೆ ಏಜೆಂಟರ ಫೋನು. ನಂಬರ್ ಎಲ್ಲಿಂದ ಸಿಗುತ್ತದೋ ಗೊತ್ತಿಲ್ಲ. ಮೇಡಂ, ಸೀಟ್ ಬ್ಲಾಕ್ ಮಾಡಿ, ಈಗ ಸ್ವಲ್ಪ ಅಡ್ವಾನ್ಸ್ ಕಟ್ಟಿದರೆ ಸಾಕು, ಸಿಇಟಿ ಸೀಟು ನಿಮಗೆಲ್ಲಿ ಸಿಗುತ್ತೆ ಅಂತ ಅಮ್ಮನ ಹತ್ತಿರ ಮಾತಾಡುತ್ತಿದ್ದರು. ಅಮ್ಮ ಹೆದರಿಕೊಂಡಿದ್ದಳು, ಸೀಟು ಎಲ್ಲೂ ಸಿಗದಿದ್ದರೆ ಏನು ಗತಿ ಅಂತ. ಬೇರೆ ರಾಜ್ಯದ ಕಾಲೇಜಿನವರೂ ಫೋನ್ ಮಾಡುತ್ತಿದ್ದರು. ನನ್ನ ಸೋದರಮಾವ ಒಂದು ಖಾಸಗಿ ಕಾಲೇಜಿನ ಹೆಸರು ಹೇಳಿ, ಒಂದು ಸಲ ನೋಡ್ಕೊಂಡು ಬರೋಣ, ನೋಡೋಕೇನು ದುಡ್ಡಾ ಅಂದರು. ಹೋದೆವು.

ಕಟ್ಟಡ ಚೆನ್ನಾಗಿತ್ತು. ಗಾಜಿನ ಬಾಗಿಲು, ಎಸಿ ಹಾಕಿದ ಅಡ್ಮಿಷನ್ ರೂಮು, ಕಾಫಿ ತಂದುಕೊಟ್ಟರು. ವರ್ಷಕ್ಕೆ ಎರಡು ಲಕ್ಷದ ಮೇಲೆ ಫೀ, ಹಾಸ್ಟೆಲ್ ಬೇರೆ. ಕೆಲಸ ಗ್ಯಾರಂಟಿ ಅಂದರು. ನಾನು ಜಮೀನು ನೋಡಬಹುದಾ ಸರ್ ಅಂತ ಕೇಳಿದೆ. ಅವರಿಗೆ ಇಷ್ಟ ಇರಲಿಲ್ಲ ಅನ್ನಿಸಿತು, ಬಿಸಿಲು ಜಾಸ್ತಿ ಇದೆ, ಇನ್ನೊಂದು ಸಲ ನೋಡಬಹುದಲ್ಲ ಅಂದರು. ಮಾವನೇ, ನಾವು ಬಿಸಿಲಲ್ಲೇ ಇರೋರು ಬನ್ನಿ ಸರ್ ಅಂತ ಎದ್ದರು. ಹಿಂದೆ ಒಂದು ಪಾಲಿಹೌಸ್ ಇತ್ತು, ಅದರ ಹಾಳೆ ಒಂದು ಕಡೆ ಹರಿದು ಗಾಳಿಗೆ ಬಡಿಯುತ್ತಿತ್ತು. ಒಳಗೆ ಡ್ರಿಪ್ ಪೈಪುಗಳು ಸಾಲಾಗಿ ಹಾಸಿದ್ದವು, ಆದರೆ ಮೇನ್ ಪೈಪಿಗೆ ಜೋಡಿಸಿರಲೇ ಇಲ್ಲ. ಆಚೆ ಹೊಲದಲ್ಲಿ ಬೆಳೆಗಳ ಹೆಸರು ಬರೆದ ಬೋರ್ಡುಗಳು ನಿಂತಿದ್ದವು, ಬೋರ್ಡಿನ ಹಿಂದೆ ಪಾರ್ಥೇನಿಯಂ ಸೊಂಟದ ಎತ್ತರಕ್ಕೆ ಹೂ ಬಿಟ್ಟಿತ್ತು. ಮಾವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನೋಡಿ, ಇಲ್ಲಿ ನೇಗಿಲು ಇಳಿದು ಎಷ್ಟು ದಿನ ಆಯ್ತು ಅಂತ ಕೇಳಿದರು. ಜೊತೆಗೆ ಬಂದವರು ಉತ್ತರ ಕೊಡಲಿಲ್ಲ.

ವಾಪಸ್ ಬರುವಾಗ ಗೇಟಿನ ಹತ್ತಿರ ಚಹಾ ಅಂಗಡಿಯಲ್ಲಿ ಆ ಕಾಲೇಜಿನ ಹುಡುಗರು ಸಿಕ್ಕರು. ಎಂಟಮಾಲಜಿಗೆ, ಅಂದರೆ ಕೀಟಶಾಸ್ತ್ರಕ್ಕೆ, ಎಷ್ಟು ಜನ ಮೇಷ್ಟ್ರು ಇದ್ದಾರೆ ಅಂತ ಕೇಳಿದೆ. ಒಬ್ಬರೇ, ಅವರೇ ಸಸ್ಯರೋಗದ ಪ್ಯಾಥಾಲಜಿನೂ ತಗೋತಾರೆ ಅಂದರು. ಕೀಟ ಸಂಗ್ರಹ ಮಾಡಿದ್ದೀರಾ ಅಂದರೆ, ಸೀನಿಯರ್ ಬಾಕ್ಸ್ ಇದೆ, ಅದನ್ನೇ ತೋರಿಸ್ತೀವಿ ಅಂದರು. ಆ ಹುಡುಗರನ್ನು ನೋಡಿ ನನಗೆ ಬಹಳ ಬೇಜಾರಾಯಿತು, ಅವರ ತಪ್ಪೇನೂ ಇರಲಿಲ್ಲ. ಮನೆಯವರು ಸಾಲ ಮಾಡಿ ಕಳಿಸಿರುತ್ತಾರೆ.

ಖಾಸಗಿ ಕಾಲೇಜೆಲ್ಲ ಹೀಗೇ ಅಂತ ನಾನು ಹೇಳುವುದಿಲ್ಲ. ಆದರೆ ಸೇರುವ ಮೊದಲು ಒಂದು ಕಾಗದ ಕೇಳಲೇಬೇಕು, ಅದು ಐಸಿಎಆರ್ ಮಾನ್ಯತೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಕ್ರೆಡಿಟೇಷನ್ ಬೋರ್ಡ್ ಕಾಲೇಜನ್ನು, ಕೋರ್ಸನ್ನು ನೋಡಿ ಒಂದು ಅವಧಿಗೆ ಮಾನ್ಯತೆ ಕೊಡುತ್ತದೆ. ಯುಜಿಸಿ ಮಾನ್ಯತೆ ಇದೆ ಅಂತ ಹೇಳಿ ತೇಲಿಸಿಬಿಡುತ್ತಾರೆ, ಅದು ಬೇರೆ, ಇದು ಬೇರೆ. ವಿಶ್ವವಿದ್ಯಾಲಯಕ್ಕೆ ಇದೆಯೋ, ಈ ಬಿಎಸ್ಸಿ ಅಗ್ರಿ ಕೋರ್ಸಿಗೇ ಇದೆಯೋ, ಯಾವ ವರ್ಷದವರೆಗೆ ಇದೆ ಅಂತ ಕೇಳಿ, ಪತ್ರದ ನಕಲು ತೆಗೆದುಕೊಳ್ಳಿ. ಅಪ್ಲೈ ಮಾಡಿದ್ದೀವಿ, ಬರುತ್ತೆ ಅಂದರೆ ಅದು ಇಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ನಾಳೆ ಎಂಎಸ್ಸಿಗೆ ಕೃಷಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ, ಐಸಿಎಆರ್ ಫೆಲೋಶಿಪ್‌ಗೆ ಬರೆಯುವಾಗ ಈ ಪ್ರಶ್ನೆ ಎದುರು ಬರುತ್ತದೆ. ನಾಲ್ಕು ವರ್ಷ, ಲಕ್ಷಗಟ್ಟಲೆ ದುಡ್ಡು ಹೋದ ಮೇಲೆ ಗೊತ್ತಾದರೆ ಏನು ಮಾಡೋದು?

ಆ ಕಾಲೇಜು ನೋಡಿ ಬಂದ ಮೇಲೆ ನನ್ನ ತಲೆಯಲ್ಲಿ ಗಟ್ಟಿಯಾಯಿತು, ಸರ್ಕಾರಿ ಸೀಟಿಗೇ ಹೋರಾಡಬೇಕು, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯೇ ದಾರಿ ಅಂತ. 200 ಅಂಕದ ಪರೀಕ್ಷೆ. ಬೀಜ, ಬೆಳೆ, ಕಳೆ, ಗೊಬ್ಬರ, ಕೀಟ, ಉಪಕರಣ ಇಟ್ಟಿರುತ್ತಾರೆ, ಗುರುತಿಸಬೇಕು. ರೈತರ ಮಕ್ಕಳಿಗೆ ಇದು ಸುಲಭ ಅಂತ ಎಲ್ಲರೂ ಅನ್ನುತ್ತಾರೆ. ಅಷ್ಟು ಸುಲಭ ಇಲ್ಲ. ನಮ್ಮ ಹೊಲದಲ್ಲಿ ಇರುವುದು ನಮಗೆ ಗೊತ್ತು, ಮಲೆನಾಡಿನ ಏಲಕ್ಕಿ, ಕಾಳುಮೆಣಸು, ಬಯಲುಸೀಮೆ ಆಚೆಯ ಕುಸುಬೆ, ಅಗಸೆ ನಾನು ಗಿಡದಲ್ಲಿ ನೋಡೇ ಇರಲಿಲ್ಲ.

ಅಮ್ಮ ತಯಾರಿಗೆ ಕೂತಳು. ಅಡುಗೆಮನೆ, ಅಟ್ಟ, ಅಕ್ಕಪಕ್ಕದ ಮನೆ ಎಲ್ಲ ಹುಡುಕಿ ಒಂದೊಂದು ಬೀಜ ಕವರಿಗೆ ಹಾಕಿಕೊಟ್ಟಳು. ಕಷ್ಟ ಆಗಿದ್ದು ಸಿರಿಧಾನ್ಯ. ಅಕ್ಕಿ ಮಾಡಿದ ಮೇಲೆ ಎಲ್ಲ ಒಂದೇ ಥರ, ಸಿಪ್ಪೆ ಇದ್ದಾಗಲೇ ನೋಡಬೇಕು. ನವಣೆ ಸಣ್ಣದು, ಹಳದಿ. ಬರಗು ಸ್ವಲ್ಪ ದಪ್ಪ, ದುಂಡಗೆ, ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಸಾಮೆಯನ್ನು ಹತ್ತಿರ ಹಿಡಿದರೆ ಬೂದು ಮೈ ಮೇಲೆ ಗೆರೆ ಕಾಣುತ್ತದೆ. ಹಾರಕ ಕಡು ಕಂದು. ಊದಲು ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು, ತುದಿ ಚೂಪು. ರಾತ್ರಿ ಊಟ ಆದ ಮೇಲೆ ಅಮ್ಮ ಐದನ್ನೂ ಬೆರೆಸಿ ತಟ್ಟೆಗೆ ಹಾಕುತ್ತಿದ್ದಳು, ನಾನು ಆರಿಸಿ ಬೇರೆ ಮಾಡಬೇಕು. ಕಣ್ಣು ನೋಯುವಷ್ಟು ಮಾಡಿದೆವು.

ಗೊಬ್ಬರ ಅಪ್ಪನ ಪಾಠ. ಯೂರಿಯಾ ಬಿಳಿ ಗುಂಡು ಕಾಳು, ಅಂಗೈಯಲ್ಲಿ ಹಾಕಿಕೊಂಡು ಸ್ವಲ್ಪ ನೀರು ಬಿಟ್ಟರೆ ಕೈ ತಣ್ಣಗಾಗುತ್ತದೆ. ಡಿಎಪಿ ಅಸಲಿಯೋ ನಕಲಿಯೋ ನೋಡಲು ಅಪ್ಪ ಎಲೆ ಅಡಿಕೆ ಡಬ್ಬಿಯಿಂದ ಚೂರು ಸುಣ್ಣ ತೆಗೆದು, ಅಂಗೈಯಲ್ಲಿ ಡಿಎಪಿ ಕಾಳಿನ ಜೊತೆ ತಿಕ್ಕಿ ನನ್ನ ಮೂಗಿನ ಹತ್ತಿರ ಹಿಡಿದರು. ಘಾಟು ನೆತ್ತಿಗೇರಿತು. ಅದು ಅಮೋನಿಯ ಬಿಡುಗಡೆಯಾಗುವುದು ಅಂತ ಕಾಲೇಜಿಗೆ ಬಂದು ಮಣ್ಣು ವಿಜ್ಞಾನದಲ್ಲಿ ಓದಿದೆ, ಆದರೆ ಆ ಘಾಟು ಮೊದಲು ಗೊತ್ತಾಗಿದ್ದು ನಮ್ಮ ಜಗಲಿ ಮೇಲೆ. ಕೂರಿಗೆ, ಕುಂಟೆ, ಎಡೆಕುಂಟೆ ಮನೆಯಲ್ಲೇ ಇದ್ದವು, ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ ಕೊಟ್ಟಿಗೆಯ ಅಟ್ಟ ಸೇರಿತ್ತು. ಅದನ್ನು ಇಳಿಸಿ, ಬಟ್ಟಲು, ತಾಳು ಎಲ್ಲ ಮುಟ್ಟಿ ಹೆಸರು ಕೇಳಿಕೊಂಡೆ. ನಮ್ಮಲ್ಲಿ ಇಲ್ಲದ ಬೆಳೆ ನೋಡಲು ತಿಪಟೂರು ಹತ್ತಿರದ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿದ್ದೆ. ಕೃಷಿ ವಿಜ್ಞಾನ ಕೇಂದ್ರ ನಿಮ್ಮ ಜಿಲ್ಲೆಯಲ್ಲೂ ಇರುತ್ತದೆ, ಸುಮ್ನೆ ಹೋಗಿ ನಾನು ಅಗ್ರಿ ಪ್ರಾಕ್ಟಿಕಲ್‌ಗೆ ಓದುತ್ತಿದ್ದೇನೆ ಅಂತ ಹೇಳಿ ನೋಡಿ. ಮಿತ್ರ ಕೀಟ, ಶತ್ರು ಕೀಟ, ಎರೆಹುಳು ತೊಟ್ಟಿ, ಮೋಹಕ ಬಲೆ ಎಲ್ಲ ಕಣ್ಣಿಗೆ ಬೀಳುತ್ತವೆ.

ಪರೀಕ್ಷೆ ದಿನ ನನಗಿಂತ ಚೆನ್ನಾಗಿ ಸಿಇಟಿ ಮಾಡಿದ್ದ ಎಷ್ಟೋ ಜನ ಅಲ್ಲಿ ಗೊಬ್ಬರದ ತಟ್ಟೆಯ ಮುಂದೆ ತಡವರಿಸುತ್ತಿದ್ದರು. ಮನೆಯಲ್ಲಿ ಜಮೀನಿದ್ದರೂ ಪೇಟೆಯಲ್ಲಿ ಬೆಳೆದವರು. ನನಗೂ ಒಂದೆರಡು ಕಳೆ ಗೊತ್ತಾಗಲಿಲ್ಲ. ಆದರೂ ಅಂಕ ಬಂದಾಗ ಸಾಮಾನ್ಯ ಮೆರಿಟ್ ರ‍್ಯಾಂಕಿಗೂ ಕೃಷಿಕರ ಕೋಟಾ ರ‍್ಯಾಂಕಿಗೂ ನಡುವೆ ಇದ್ದ ಅಂತರ ನೋಡಿ ಅಮ್ಮ ಅತ್ತೇ ಬಿಟ್ಟಳು. ಅವಳ ಬೀಜದ ತಟ್ಟೆಗೆ ಬಂದ ಅಂಕ ಅದು.

ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕೋರ್ಸು, ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಇಲ್ಲಿ ಮನೆಯಲ್ಲಿ ಚರ್ಚೆ ಜೋರಾಯಿತು. ಮಾವ ಹೇಳಿದ್ದು, ಯಾವ ಕೋರ್ಸ್ ಆದರೂ ಸರಿ, ಬೆಂಗಳೂರಲ್ಲೇ ಇರಲಿ, ಜಿಕೆವಿಕೆ ಅಂದ್ರೆ ಹೆಸರು ಅಂತ. ಹೆಸರು ನಿಜವೇ. ಅಲ್ಲಿನ ಜಮೀನು, ಲೈಬ್ರರಿ, ರಾಗಿ ಮತ್ತು ಒಣಭೂಮಿ ಸಂಶೋಧನೆ ಎಲ್ಲ ದೊಡ್ಡದು. ಆದರೆ ನನಗೆ ಬೇಕಿದ್ದದ್ದು ಬಿಎಸ್ಸಿ ಆನರ್ಸ್ ಅಗ್ರಿಕಲ್ಚರ್. ಕೃಷಿ ಇಲಾಖೆಯ ಹುದ್ದೆ, ಬ್ಯಾಂಕಿನ ಅಗ್ರಿ ಫೀಲ್ಡ್ ಆಫೀಸರ್ ಹುದ್ದೆ ಎರಡೂ ನನ್ನ ಮನಸ್ಸಿನಲ್ಲಿದ್ದವು. 2024ರಲ್ಲಿ ಕೆಪಿಎಸ್‌ಸಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಸೇರಿ 945 ಹುದ್ದೆಗೆ ಅರ್ಜಿ ಕರೆದಾಗ ನಮ್ಮ ಸೀನಿಯರ್‌ಗಳೆಲ್ಲ ಪುಸ್ತಕ ಹಿಡಿದು ಕೂತಿದ್ದು ನೋಡಿದ್ದೇನೆ. ಮೊದಲು ಕೋರ್ಸ್, ಆಮೇಲೆ ಕಾಲೇಜು ಅನ್ನುವುದು ನನ್ನ ಲೆಕ್ಕ. ನಿಮಗೆ ಅಡಿಕೆ, ತೆಂಗು, ಹೂವು ಹಣ್ಣು ಇಷ್ಟವಿದ್ದರೆ ತೋಟಗಾರಿಕೆಯೇ ಮೊದಲು ಹಾಕಿ, ಅದು ಕಡಿಮೆಯ ಕೋರ್ಸ್ ಏನೂ ಅಲ್ಲ. ಕಾಡು ಇಷ್ಟವಿದ್ದವರಿಗೆ ಶಿರಸಿ, ಪೊನ್ನಂಪೇಟೆ ಅರಣ್ಯ ಕಾಲೇಜು ಇವೆ. ಮಿಷಿನ್ ಕಡೆ ಒಲವಿದ್ದರೆ ಅಗ್ರಿ ಇಂಜಿನಿಯರಿಂಗ್.

ಆಪ್ಷನ್ ಹಾಕುವ ಮೊದಲು ಸಾಧ್ಯವಾದ ಕಾಲೇಜು ನೋಡಿಕೊಂಡು ಬರಬೇಕು ಅಂತ ಹಟ ಹಿಡಿದೆ. ವಿ.ಸಿ. ಫಾರಂಗೆ ಬೆಳಗ್ಗೆ ಬೇಗ ತಲುಪಿದೆವು. ಆ ಹೊತ್ತಿಗೆ ಹೋಗಿದ್ದಕ್ಕೇ ಕಾಲೇಜು ಗೊತ್ತಾಗಿದ್ದು. ಹುಡುಗ ಹುಡುಗಿಯರು ಪ್ಯಾಂಟ್ ಮಡಚಿಕೊಂಡು ತಮ್ಮ ತಾಕಿನಲ್ಲಿ ಕಳೆ ಕೀಳುತ್ತಿದ್ದರು, ಒಬ್ಬರು ಬದುವಿನ ಮೇಲೆ ಕೂತು ರೆಕಾರ್ಡ್ ಬರೆಯುತ್ತಿದ್ದರು. ತಾಕಿನ ಮುಂದೆ ಅವರ ಹೆಸರಿನ ಚೀಟಿ ಇತ್ತು. ಬಿತ್ತಿದ ದಿನಾಂಕ, ತಳಿ, ಹಾಕಿದ ಗೊಬ್ಬರ ಎಲ್ಲ ಬರೆದಿತ್ತು. ಪಕ್ಕದಲ್ಲಿ ಕಾಲುವೆ ನೀರು. ವಿಶ್ವೇಶ್ವರಯ್ಯ ನಾಲೆಯ ಹೆಸರೇ ಆ ಫಾರಂಗೆ ಇರುವುದು. ಒಣ ಸೀಮೆಯಿಂದ ಹೋದ ನಮಗೆ ಅಷ್ಟು ನೀರು ಹರಿಯುವುದು ನೋಡಿಯೇ ಖುಷಿ. ಅಪ್ಪನಿಗೆ ಇನ್ನೊಂದು ಕಾರಣಕ್ಕೆ ಆ ಜಾಗದ ಮೇಲೆ ಗೌರವ ಇತ್ತು. ಇಂಡಾಫ್ ರಾಗಿ ತಳಿ ಕೊಟ್ಟ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಅಲ್ಲೇ. ಭಾರತದ ರಾಗಿ, ಆಫ್ರಿಕಾದ ರಾಗಿ ಸೇರಿಸಿ ಅವರು ಮಾಡಿದ ತಳಿಗಳಿಂದ ಇಳುವರಿ ಹೇಗೆ ಏರಿತು ಅಂತ ನಮ್ಮ ತಾತ ಹೇಳುತ್ತಿದ್ದರಂತೆ. ಅಪ್ಪ ಹೆಚ್ಚು ಮಾತಾಡುವವರಲ್ಲ. ಬದುವಿನ ಮೇಲೆ ನಿಂತು, ಇಲ್ಲಿ ಕಲಿಬಹುದು ಕಣಮ್ಮ ಅಂದರು, ಅಷ್ಟೇ.

ಹಾಸನದ ಕಾರೆಕೆರೆ ಕಾಲೇಜನ್ನೂ ನೋಡಿದೆವು. ಅಲ್ಲೂ ಸೀನಿಯರ್‌ಗಳು ಕೂರಿಸಿಕೊಂಡು ಮಾತಾಡಿದರು. ನಾನು ಎಲ್ಲ ಕಡೆ ಕೇಳಿದ್ದು ಒಂದೇ ಥರದ ಪ್ರಶ್ನೆ. ಒಬ್ಬೊಬ್ಬರಿಗೂ ತಾಕು ಕೊಡುತ್ತಾರಾ? ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಮೇಷ್ಟ್ರು ಇದ್ದಾರಾ? ಮೆಸ್ ಬಿಲ್ ಎಷ್ಟು ಬರುತ್ತೆ? ಹುಡುಗಿಯರ ಹಾಸ್ಟೆಲ್ ಒಳಗೇ ಇದೆಯಾ? ಕನ್ನಡ ಮೀಡಿಯಂನಿಂದ ಬಂದವರು ಮೊದಲ ಸೆಮಿಸ್ಟರ್ ಹೇಗೆ ದಾಟಿದರು? ಈ ಪ್ರಶ್ನೆಗಳಿಗೆ ಅಡ್ಮಿಷನ್ ರೂಮಿನವರಿಗಿಂತ ಎರಡನೇ ವರ್ಷದ ವಿದ್ಯಾರ್ಥಿಗಳು ಸರಿಯಾಗಿ ಉತ್ತರ ಕೊಡುತ್ತಾರೆ.

ನನ್ನ ಪಟ್ಟಿ ಹೀಗಿತ್ತು. ಜಿಕೆವಿಕೆ ಅಗ್ರಿ, ಆಮೇಲೆ ವಿ.ಸಿ. ಫಾರಂ, ಶಿವಮೊಗ್ಗ, ಹಾಸನ, ಧಾರವಾಡ, ಉಳಿದ ಅಗ್ರಿ ಕಾಲೇಜುಗಳೆಲ್ಲ, ಅದಾದ ಮೇಲೆ ತೋಟಗಾರಿಕೆ. ಸಿಗುತ್ತೋ ಇಲ್ಲವೋ ಅಂತ ಯೋಚಿಸಿ ಮೇಲಿನದ್ದನ್ನು ಬಿಡಬೇಡಿ, ಇಷ್ಟದ ಕ್ರಮದಲ್ಲೇ ಹಾಕಿ. ಮೇಲೆ ಹಾಕಿದ್ದರಿಂದ ಕೆಳಗಿನದ್ದು ಕೈತಪ್ಪುವುದಿಲ್ಲ. ಸೇರಲು ಇಷ್ಟವೇ ಇಲ್ಲದ್ದನ್ನು ಮಾತ್ರ ಹಾಕಬೇಡಿ. ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಸೀಟು ಹಂಚಿಕೆ, ಬಂದಾಗ ನನಗೆ ಹಾಸನ ತೋರಿಸಿತು. ಮೊದಲ ಸುತ್ತಿನಲ್ಲೂ ಹಾಸನವೇ ಬಂತು. ಆಗ ಚಾಯ್ಸ್ ಆರಿಸಬೇಕು. ಚಾಯ್ಸ್ ಒಂದು ಅಂದರೆ ಈ ಸೀಟು ಒಪ್ಪಿಗೆ, ಹೋಗಿ ಸೇರುತ್ತೇನೆ. ಎರಡು ಅಂದರೆ ಈ ಸೀಟು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ನೋಡುತ್ತೇನೆ. ಮೂರು ಅಂದರೆ ಈ ಸೀಟು ಬೇಡ, ಮುಂದಿನ ಸುತ್ತು ಬೇಕು. ನಾಲ್ಕು ಅಂದರೆ ಏನೂ ಬೇಡ. ಸೈಬರ್ ಸೆಂಟರಿನ ಅಣ್ಣ ಮೂರು ಹಾಕಮ್ಮ, ಜಿಕೆವಿಕೆ ಬರುತ್ತೆ ಅಂದರು. ನಾನು ಎರಡು ಒತ್ತಿದೆ. ಕೈಯಲ್ಲಿರುವ ಸರ್ಕಾರಿ ಅಗ್ರಿ ಸೀಟು ಬಿಟ್ಟು ಜೂಜಾಡುವ ಮನೆ ನಮ್ಮದಲ್ಲ. ಮುಂದಿನ ಸುತ್ತಿನಲ್ಲಿ ವಿ.ಸಿ. ಫಾರಂ ಬಂತು, ಹಾಸನದ್ದು ತಾನಾಗಿ ಬಿಟ್ಟುಹೋಯಿತು. ಆ ಬಟನ್ ಒತ್ತುವಾಗ ನೀವೇ ಕೂತು ಒತ್ತಿ, ಪಾಸ್‌ವರ್ಡ್ ಸೈಬರ್‌ನವರ ಹತ್ತಿರ ಬಿಟ್ಟು ಬರಬೇಡಿ.

ಖರ್ಚಿನ ವಿಷಯ. ಆ ಖಾಸಗಿ ಕಾಲೇಜಿನವರು ಕೇಳಿದ್ದ ಒಂದು ಸೆಮಿಸ್ಟರ್ ದುಡ್ಡಿನಲ್ಲಿ ನನಗೆ ಇಲ್ಲಿ ಒಂದು ವರ್ಷದ ಫೀ, ಹಾಸ್ಟೆಲ್, ಮೆಸ್, ಊರಿಗೆ ಓಡಾಟ ಎಲ್ಲ ಮುಗಿಯುತ್ತಿದೆ. ಫೀಗಿಂತ ಮೆಸ್ ಬಿಲ್ಲೇ ತಿಂಗಳು ತಿಂಗಳು ಗೊತ್ತಾಗುವ ಖರ್ಚು, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೊನೆಯ ವರ್ಷದ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ, ನಾವು ರಾವೆ ಅನ್ನುವುದಕ್ಕೆ, ಐಸಿಎಆರ್ ಕಡೆಯಿಂದ ತಿಂಗಳಿಗೆ 3000 ರೂಪಾಯಿ ಸ್ಟೈಪೆಂಡ್ ಇದೆ. ನಾವು ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಿದೆವು. ಮಣ್ಣು ಮಾದರಿ ತೆಗೆಯುವುದು, ಬೀಜೋಪಚಾರ, ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳು ಹುಡುಕುವುದು. ಒಬ್ಬ ಯಜಮಾನರು ಮೊದಲ ದಿನ, ಪುಸ್ತಕ ಓದಿದೋರು ನಮಗೇನು ಹೇಳ್ತೀರಿ ಅಂದಿದ್ದರು. ಬುಡದಲ್ಲಿ ಪೈರು ಬಿಡಿಸಿ ಹುಳು ತೋರಿಸಿದ ಮೇಲೆ ಅವರೇ ಮನೆಗೆ ಕರೆದು ಊಟ ಹಾಕಿದರು. ಅಲ್ಲಿ ಮಾತಾಡುವಾಗ ನನಗೆ ಕೈ ಹಿಡಿದದ್ದು ನಮ್ಮ ತಾಕಿನಲ್ಲಿ ನಾನೇ ಕಳೆ ಕಿತ್ತ ದಿನಗಳು. ಸೀನಿಯರ್ ಬಾಕ್ಸ್ ತೋರಿಸುತ್ತಿದ್ದ ಆ ಖಾಸಗಿ ಕಾಲೇಜಿನ ಹುಡುಗರಿಗೆ ಈ ಅವಕಾಶ ಸಿಕ್ಕಿತೋ ಇಲ್ಲವೋ ಅಂತ ಆಗಾಗ ಯೋಚನೆ ಬರುತ್ತದೆ.

ಕನ್ನಡ ಮೀಡಿಯಂನವರಿಗೆ ಒಂದು ಮಾತು. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲೇ. ಮೊದಲ ಸೆಮಿಸ್ಟರ್ ನನಗೆ ಜ್ವರ ಬಂದಂತೆಯೇ ಇತ್ತು, ಕೀಟಗಳ ಲ್ಯಾಟಿನ್ ಹೆಸರು ಬಾಯಿಗೇ ಬರುತ್ತಿರಲಿಲ್ಲ. ಆದರೆ ಹೊಲದಲ್ಲಿ ನೋಡಿದ್ದಕ್ಕೆ ಹೊಸ ಹೆಸರು ಅಂಟಿಸಿಕೊಳ್ಳುವುದು ಅಷ್ಟು ಕಷ್ಟ ಆಗಲಿಲ್ಲ. ಈ ಕಾರಣಕ್ಕೆ ಹೆದರಿ ಅಗ್ರಿ ಬಿಡಬೇಡಿ.

ಉತ್ತರ ಕರ್ನಾಟಕದವರು ನನ್ನ ಪಟ್ಟಿಯನ್ನು ಹಾಗೇ ಹಾಕಿಕೊಳ್ಳಬೇಡಿ. ಕಲ್ಯಾಣ ಕರ್ನಾಟಕದ ಜಿಲ್ಲೆಯವರಾದರೆ ಸಂವಿಧಾನದ 371ಜೆ ವಿಧಿಯ ಪ್ರಮಾಣ ಪತ್ರ ಮಾಡಿಸಿ, ಆ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಅಲ್ಲಿನವರಿಗೇ. ಕೊಪ್ಪಳದ ನನ್ನ ಗೆಳತಿ ಹಾಗೆ ರಾಯಚೂರಿನಲ್ಲಿ ಓದುತ್ತಿದ್ದಾಳೆ. ತೊಗರಿ, ಹತ್ತಿ, ಭತ್ತ ಅವಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಧಾರವಾಡ ಹತ್ತಿರ ಇರುವವರು ಸೆಪ್ಟೆಂಬರ್‌ನ ಕೃಷಿ ಮೇಳಕ್ಕೆ ಹೋಗಿ ಅಲ್ಲಿಯ ವಿದ್ಯಾರ್ಥಿಗಳನ್ನು ಮಾತಾಡಿಸಿ. ನಿಮ್ಮ ಮನೆಯಲ್ಲಿ ಬೆಳೆಯುವ ಬೆಳೆಯ ಸಂಶೋಧನೆ ಎಲ್ಲಿ ನಡೆಯುತ್ತದೋ ಆ ಕಾಲೇಜಿಗೆ ನನ್ನ ಲೆಕ್ಕದಲ್ಲಿ ಒಂದು ಮೆಟ್ಟಿಲು ಜಾಸ್ತಿ.

ಇನ್ನು ಸ್ಕಾಲರ್‌ಶಿಪ್. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ರೈತರ ಮಕ್ಕಳಿಗೇ ಅಂತ ಮಾಡಿದ್ದು, ಈಗಲೂ ಕೊಡುತ್ತಾರಾ ಅಂತ ವಿಚಾರಿಸಿಕೊಳ್ಳಿ. ಅದಕ್ಕೆ ಅಪ್ಪನಿಗೋ ಅಮ್ಮನಿಗೋ ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ಪೋರ್ಟಲ್‌ನಲ್ಲಿ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಇರಬೇಕು, ಪಹಣಿ ಅದಕ್ಕೆ ಸೇರಿರಬೇಕು. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನಿಮ್ಮ ಜಾತಿ, ವರ್ಗಕ್ಕೆ ತಕ್ಕ ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿ. ಆಧಾರ್‌ನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು, ಒಂದು ಇನಿಶಿಯಲ್ ಆಚೆ ಈಚೆ ಆದರೂ ದುಡ್ಡು ನಿಂತುಬಿಡುತ್ತದೆ. ಎಫ್‌ಐಡಿ ಇಲ್ಲದಿದ್ದರೆ ಪಹಣಿ, ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಈ ವಾರವೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಾಡಿಸಿ.